ಸೂರು ತಟ್ಟುವ ಕ್ಲೆಮ್ ಮತ್ತು ಪರ್ಸಿಯ ಮೂತಿ

ಕ್ಲೆಮ್ ಪೆಂಗೆಲಿ ಯಾರ ಮನೆಗೆ ಹೋದರೂ ಕೂರುವ ಮೊದಲು ತಲೆಯೆತ್ತಿ ಸೂರು ನೋಡುತ್ತಿದ್ದ. ಕೈಯಲ್ಲಿ ಕೊಡೆಯಿದ್ದರೆ ಅದರ ತುದಿಯಿಂದ ಒಂದೆರಡು ಸಲ ತಟ್ಟಿಯೂ ಬಿಡುತ್ತಿದ್ದ. ಎಫಿಯನ್ನು ಮದುವೆಯಾಗುತ್ತೇನೆಂದು ಕೇಳಲು ಅವಳಪ್ಪನ ಮನೆಗೆ ಮೊದಲ ಸಲ ಹೋದಾಗಲೂ ಹಾಗೇ ತಟ್ಟಿ, "ಈ ಮೂಲೆ ಟೊಳ್ಳು, ಕುರ್ಚಿ ಸ್ವಲ್ಪ ಈಚೆ ಎಳ್ಕೊಳ್ಳಿ ಸಾರ್" ಎಂದನಂತೆ. ಎಫಿಯ ಅಪ್ಪ ತಾನೂ ಗಣಿಯಲ್ಲಿ ಬೆನ್ನು ಬಗ್ಗಿಸಿದವನು. ಕುರ್ಚಿ ಈಚೆ ಎಳೆದುಕೊಂಡ, ಆಮೇಲೆ ಮಗಳನ್ನು ಕೊಡಲು ಒಪ್ಪಿದ. ಚರ್ಚಿನ ಹೊಸ ಸಭಾಂಗಣ ತೆರೆದ ದಿನ ಮಾತ್ರ, ಪಾದ್ರಿ ಪ್ರಾರ್ಥನೆ ಮುಗಿಸುವ ಮೊದಲೇ ಕ್ಲೆಮ್ ಮೇಜು ಹತ್ತಿ ನಿಂತದ್ದನ್ನು ಕಂಡು ಎಫಿಗೆ ಮುಖ ಎಲ್ಲಿ ಇಟ್ಟುಕೊಳ್ಳಲಿ ಎನ್ನುವಂತಾಯಿತು.

ತಟ್ಟುವುದೇ ಅವನ ಕೆಲಸ. ಮುಲ್ಲಬಾ ಕಲ್ಲಿದ್ದಲು ಗಣಿಯಲ್ಲಿ ಅವನು ಡೆಪ್ಯುಟಿ. ಪಾಳಿ ಶುರುವಾಗುವ ಮೊದಲೇ ಕೆಳಗಿಳಿದು ತನ್ನ ಪಾಲಿನ ಸುರಂಗಗಳನ್ನೆಲ್ಲ ಒಂದೊಂದಾಗಿ ಸುತ್ತಿ ಬರಬೇಕು. ಕೈದೀಪದ ಜ್ವಾಲೆಯ ನೆತ್ತಿ ನೀಲಿಗಟ್ಟಿದರೆ ಅಲ್ಲಿ ಕೆಟ್ಟ ಗಾಳಿ ಸೇರಿದೆ ಎಂದು ಅರ್ಥ. ಆಮೇಲೆ ಕಬ್ಬಿಣದ ಮೊನೆಯ ಕೋಲಿನಿಂದ ಸೂರಿನ ಕಲ್ಲನ್ನು ತಟ್ಟಬೇಕು. ಗಟ್ಟಿಯಿದ್ದರೆ ಕಲ್ಲು ಠಣ್ ಎನ್ನುತ್ತದೆ. ಒಳಗೆ ಬಿರುಕು ಬಿಟ್ಟು ಪದರ ಸಡಿಲಾಗಿದ್ದರೆ ಡಬ್ ಎನ್ನುತ್ತದೆ. ಡಬ್ ಎಂದ ಕಡೆ ನೀಲಗಿರಿ ಮರದ ಕಂಬ ಆನಿಸಬೇಕು, ಇಲ್ಲವೇ ಆ ಕಲ್ಲನ್ನು ಮೀಟಿ ಕೆಡವಬೇಕು. ಎಲ್ಲ ಸರಿಯಿದ್ದರೆ ಕಲ್ಲಿದ್ದಲಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ತಾರೀಖು ಬರೆದು, ಪಕ್ಕದಲ್ಲಿ ತನ್ನ ಹೆಸರಿನ ಎರಡಕ್ಷರ ಬರೆಯಬೇಕು. ಆ ಎರಡಕ್ಷರ ಕಾಣದೆ ನಮ್ಮ ಗಣಿಯಲ್ಲಿ ಯಾವನೂ ಸಲಿಕೆ ಎತ್ತುವುದಿಲ್ಲ. ಮ್ಯಾನೇಜರೇ ಬಂದು ಹೇಳಿದರೂ ಎತ್ತುವುದಿಲ್ಲ.

ಕ್ಲೆಮ್ ಹರೆಯದಲ್ಲಿ ಟೆಡ್ ಡಕೆಟ್ ಎನ್ನುವವನ ಜೋಡಿಯಾಗಿ ಕಲ್ಲಿದ್ದಲು ಕಡಿಯುತ್ತಿದ್ದ. ಒಂದು ದಿನ ಇಬ್ಬರೂ ಯಾವುದೋ ಕುದುರೆ ಪಂದ್ಯದ ಮಾತಿನಲ್ಲಿ ಮುಳುಗಿ ಸೂರು ತಟ್ಟುವುದನ್ನೇ ಮರೆತರು. ಸೂರು ಕುಸಿದು, ಸಂಜೆ ಟೆಡ್‌ನ ಹೆಣವನ್ನು ಹೆಗಲ ಮೇಲೆ ತರಬೇಕಾಯಿತು. ಅಂದಿನಿಂದ ಕ್ಲೆಮ್ ತಟ್ಟುವುದನ್ನು ಒಂದು ದಿನವೂ ಬಿಟ್ಟವನಲ್ಲ, ಕುದುರೆ ಪಂದ್ಯದ ಮಾತನ್ನು ಎತ್ತಿದವನೂ ಅಲ್ಲ. ಓದಿ, ಪರೀಕ್ಷೆ ಕಟ್ಟಿ ಡೆಪ್ಯುಟಿಯಾದ. ಟೆಡ್‌ನ ತಮ್ಮ ಪರ್ಸಿ ಅವನ ಕೈಕೆಳಗೇ ಕೆಲಸಕ್ಕೆ ಸೇರಿದ. ಹೊಟ್ಟೆ ದಪ್ಪಗಿನ, ಬಾಯಿ ಬಡಬಡ ಎನ್ನುವ ಪರ್ಸಿಗೆ ಕ್ಲೆಮ್ ಅಂದರೆ ಅಣ್ಣನಿಗಿಂತ ಹೆಚ್ಚು. ಹಾಗೆಂದು ಬಾಯಿಬಿಟ್ಟು ಹೇಳುವಷ್ಟು ಬುದ್ಧಿ ನಮ್ಮೂರ ಗಂಡಸರಿಗೆ ಎಲ್ಲಿಂದ ಬರಬೇಕು? ಸಿಕ್ಕಾಗಲೆಲ್ಲ ಬೈದುಕೊಂಡು ಓಡಾಡುತ್ತಿದ್ದರು, ಅಷ್ಟೇ.

ಗಣಿಗೆ ಗಾಳಿಯ ಒತ್ತಡದಿಂದ ನಡೆಯುವ, ಕಿವಿ ಗಡಚಿಕ್ಕುವ ಹೊಸ ಕೊರೆಯಂತ್ರಗಳು ಬಂದ ಮೇಲೆ ಒಂದು ವಿಚಿತ್ರ ಶುರುವಾಯಿತು. ಕ್ಲೆಮ್‌ಗೆ ಎಲ್ಲ ಕಡೆಯ ಸೂರೂ ಟೊಳ್ಳಾಗಿ ಕಂಡಿತು. ತಟ್ಟಿದಲ್ಲೆಲ್ಲ ಡಬ್. ಕಂಬ ಹಾಕಿ, ಇಲ್ಲೂ ಹಾಕಿ, ಅಲ್ಲೂ ಹಾಕಿ ಎಂದು ಹಾಕಿಸಿದ್ದೇ ಹಾಕಿಸಿದ್ದು. ಅವನ ಪಾಲಿನ ಸುರಂಗದಲ್ಲಿ ಕಂಬಗಳ ನಡುವೆ ಮೈ ಓರೆ ಮಾಡಿಕೊಂಡು ನುಸುಳಬೇಕಾಯಿತು. ಹುಡುಗರು ಅದಕ್ಕೆ 'ಪೆಂಗೆಲಿಯ ಕಾಡು' ಎಂದು ಹೆಸರಿಟ್ಟರು. ಕಾರ್ಮಿಕ ಸಂಘದ ಕಾರ್ಯದರ್ಶಿ ಬ್ಲೂಯಿ ಮಕಾಲಿ ಒಂದು ದಿನ ಬುತ್ತಿಯ ಹೊತ್ತಿನಲ್ಲಿ ಎದ್ದು ನಿಂತು, "ಈ ಕಾಡಲ್ಲಿ ಕಾಂಗರೂ ಕಂಡೆ ಕಣ್ರೋ, ದಾರಿ ತಪ್ಪಿ ಅಳ್ತಿತ್ತು" ಎಂದ. ಬ್ಲೂಯಿ ಅಂದರೆ ನೀಲಿ. ಕೂದಲು ಬೆಂಕಿಗೆಂಪಾಗಿದೆ ಎಂಬ ಕಾರಣಕ್ಕೇ ಅವನಿಗೆ ಆ ಹೆಸರು. ನಮ್ಮೂರ ತರ್ಕವೇ ಹಾಗೆ.

ಕೆಟ್ಟಿರುವುದು ಸೂರಲ್ಲ ಎಂಬುದು ಕ್ಲೆಮ್‌ಗೆ ತಿಳಿದದ್ದು ಅವನ ಪಾರಿವಾಳಗಳಿಂದ. ಪಂದ್ಯಕ್ಕೆ ಹಾರಿಸುವ ಪಾರಿವಾಳಗಳನ್ನು ಹಿತ್ತಲಲ್ಲಿ ಸಾಕಿದ್ದ. ಒಂದು ಭಾನುವಾರ ಗೂಡಿನ ಮುಂದೆ ಕೂತು, ಇವಕ್ಕೆ ಏನೋ ರೋಗ ಬಡಿದಿದೆ, ಒಂದೂ ಗುಟುರು ಹಾಕುತ್ತಿಲ್ಲವಲ್ಲ ಎಂದು ಚಿಂತಿಸುತ್ತಿದ್ದ. ನೋಡಿದರೆ ಎಲ್ಲವೂ ಕತ್ತು ಉಬ್ಬಿಸಿ ಗಂಟಲು ಅಲುಗಿಸುತ್ತಿವೆ, ಸದ್ದು ಮಾತ್ರ ಇಲ್ಲ. ಕ್ಲೆಮ್ ತನ್ನ ಕಿವಿ ಮುಟ್ಟಿಕೊಂಡ. ತಿಂಗಳ ಹಿಂದೆ ಪಾದ್ರಿ, "ಪೆಂಗೆಲಿಯವರೇ, ದೇವರಿಗೆ ಮೆಲ್ಲಗೆ ಹಾಡಿದರೂ ಕೇಳುತ್ತದೆ" ಎಂದು ಬೆನ್ನು ತಟ್ಟಿದ್ದು ಯಾಕೆಂದು ಆಗ ಹೊಳೆಯಿತು.

ಅವತ್ತೇ ಹೋಗಿ ಮ್ಯಾನೇಜರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಕಿವಿ ಕೇಳದ ಡೆಪ್ಯುಟಿಯ ಕೋಲನ್ನು ಆ ದಿನವೇ ಕಿತ್ತುಕೊಳ್ಳುತ್ತಾರೆ, ಕೋಲಿಲ್ಲದ ಕ್ಲೆಮ್ ಪೆಂಗೆಲಿ ಯಾರು ಎಂಬುದು ಅವನಿಗೇ ಗೊತ್ತಿರಲಿಲ್ಲ. ಅದೂ ಅಲ್ಲದೆ ಅವನ ಜಾಗಕ್ಕೆ ಬರಲು ಕಾಯುತ್ತಿದ್ದವನು ವಾಲಿ ಸ್ಪ್ರಾಗ್. ಆ ಮಹಾಶಯ ಶಿಳ್ಳೆ ಹೊಡೆಯುತ್ತಲೇ ಸೂರು ತಟ್ಟುವವನು. ಶಿಳ್ಳೆ ಹೊಡೆಯುವವನ ಕೈಗೆ ಜನರ ಪ್ರಾಣ ಕೊಡಲೇ? ಕ್ಲೆಮ್ ಹೀಗೆ ತನಗೆ ತಾನೇ ನ್ಯಾಯ ಹೇಳಿಕೊಂಡ. ಮನುಷ್ಯ ತನಗೆ ಬೇಕಾದ ನ್ಯಾಯವನ್ನು ಹೇಗಾದರೂ ಹುಡುಕಿಕೊಳ್ಳುತ್ತಾನೆ.

ಅಷ್ಟರಲ್ಲಿ ಅವನಿಗೊಂದು ಉಪಾಯವೂ ಸಿಕ್ಕಿತು. ಪರ್ಸಿ ಆ ಕಾಲಕ್ಕೆ ಸರಿಯಾಗಿ ಬೇಗನೆ ಗಣಿಗೆ ಬರತೊಡಗಿದ್ದ. "ಅತ್ತೆ ಬಂದಿದಾಳೆ ಮಾರಾಯ, ಮನೇಲಿ ಇರಕ್ಕಾಗಲ್ಲ. ನಿನ್ನ ಜೊತೆ ಸುತ್ತುಹಾಕ್ತೀನಿ" ಎಂದು ಕ್ಲೆಮ್‌ನ ಹಿಂದೆ ಹೊರಡುತ್ತಿದ್ದ. ಈ ಪರ್ಸಿಯ ಮೂತಿ ಒಂದು ಅದ್ಭುತ. ಮನಸ್ಸಿನಲ್ಲಿ ಏನು ಬಂದರೂ ತುಟಿಯ ಮೇಲೆ ಬಂದು ಕೂರುತ್ತಿತ್ತು. ಕ್ಲೆಮ್ ತಟ್ಟಿದ ಕಲ್ಲು ಡಬ್ ಎಂದರೆ ಪರ್ಸಿಯ ತುಟಿ ನಿಂಬೆಹಣ್ಣು ಕಚ್ಚಿದಂತೆ ಸೊಟ್ಟಗಾಗುತ್ತಿತ್ತು; ಠಣ್ ಎಂದರೆ ನೆಟ್ಟಗೆ ಇರುತ್ತಿತ್ತು. ಕ್ಲೆಮ್ ತಟ್ಟಿ, ದೀಪ ಹೊಂದಿಸುವವನಂತೆ ತಿರುಗಿ, ಪರ್ಸಿಯ ಮೂತಿ ನೋಡಿ, ಸೂರಿನ ವಿಷಯ ತೀರ್ಮಾನಿಸುತ್ತಿದ್ದ. ತೀರ್ಮಾನ ಒಂದೂ ತಪ್ಪುತ್ತಿರಲಿಲ್ಲ. ಪೆಂಗೆಲಿಯ ಕಾಡು ತೆಳುವಾಯಿತು, ಕಂಬಗಳು ಬೇಕಾದ ಕಡೆ ಮಾತ್ರ ನಿಂತವು. ನನ್ನ ಗುಟ್ಟು ಯಾರಿಗೂ ತಿಳಿಯಲಿಲ್ಲ ಎಂದು ಕ್ಲೆಮ್ ಒಳಗೊಳಗೇ ಹಿಗ್ಗಿದ. ಪರ್ಸಿಯ ಅತ್ತೆ ಎರಡು ವರ್ಷವಾದರೂ ಊರಿಗೆ ಹೋಗದೆ ಕೂತಿದ್ದಾಳಲ್ಲ, ಪಾಪ ಇವನ ಗತಿಯೇನು ಎಂದು ಕನಿಕರವನ್ನೂ ಪಟ್ಟ.

ಕ್ರಿಸ್‌ಮಸ್ ಹತ್ತಿರದ ಒಂದು ಮಧ್ಯಾಹ್ನದ ಪಾಳಿ. ನಮ್ಮ ಕಡೆ ಕ್ರಿಸ್‌ಮಸ್ ಬರುವುದೇ ನಡುಬೇಸಿಗೆಯಲ್ಲಿ, ಸುಡು ಸೆಕೆ. ಪರ್ಸಿಗೆ ಒಂದು ವಾರದಿಂದ ಹಲ್ಲುನೋವು. ನಮ್ಮೂರಲ್ಲಿ ಒಂದು ಹಲ್ಲು ಕಾಟ ಕೊಟ್ಟರೆ ಪಕ್ಕದವನ್ನೆಲ್ಲ ಸೇರಿಸಿ ಕೀಳಿಸಿ, ಕಟ್ಟುಹಲ್ಲು ಹಾಕಿಸಿಕೊಂಡು ಮುಂದಿನ ತಂಟೆಯೇ ಬೇಡ ಎನ್ನುವುದು ರೂಢಿ. ಪರ್ಸಿ ಬೆಳಿಗ್ಗೆ ಪಕ್ಕದ ಪೇಟೆ ಸೆಸ್ನಾಕಿಗೆ ಹೋಗಿ ಮೇಲಿನ ಸಾಲನ್ನು ಪೂರ್ತಿ ಕೀಳಿಸಿಕೊಂಡು, ಸೀದಾ ಗಣಿಗೆ ಬಂದುಬಿಟ್ಟ. ಮುಖ ಊದಿ ಕುಂಬಳಕಾಯಿಯಾಗಿತ್ತು, ಗಲ್ಲದ ಸುತ್ತ ಹೆಂಡತಿಯ ಹೂಬಟ್ಟೆ ಕಟ್ಟಿತ್ತು.

"ಮನೆಗೆ ಹೋಗೋ ದನ!" ಎಂದ ಕ್ಲೆಮ್.

ಪರ್ಸಿ ತಲೆ ಅಲ್ಲಾಡಿಸಿದ. ಬಾಯಿಯೊಳಗೆ ಹತ್ತಿ ತುರುಕಿದ್ದರಿಂದ ಮಾತು ಬರುತ್ತಿರಲಿಲ್ಲ. ಕೈಯಿಂದ ದಪ್ಪ ಹೆಂಗಸಿನ ಆಕಾರ ಬಿಡಿಸಿ ಮನೆಯ ಕಡೆ ತೋರಿಸಿದ. ಅತ್ತೆ.

ಇಬ್ಬರೂ ಇಳಿದರು. ದೀಪದ ಜ್ವಾಲೆ ಎಲ್ಲೂ ನೀಲಿಯಾಗಲಿಲ್ಲ. ಕ್ಲೆಮ್ ಒಂದೊಂದೇ ಕಡೆ ತಟ್ಟುತ್ತ, ಪರ್ಸಿಯ ಮೂತಿ ನೋಡುತ್ತ, ಸೀಮೆಸುಣ್ಣದಲ್ಲಿ ಬರೆಯುತ್ತ ಹೋದ. ಎಡಗಡೆಯ ಕೊನೆಯ ಸುರಂಗಕ್ಕೆ ಬಂದರು. ಅದು ಬ್ಲೂಯಿ ಮತ್ತವನ ಜೊತೆಗಾರರು ಕಡಿಯುವ ಜಾಗ. ಕ್ಲೆಮ್ ತಟ್ಟಿ ತಿರುಗಿದ. ಪರ್ಸಿಯ ಮೂತಿ ಹಾಲು ಕುಡಿದು ಮಲಗಿದ ಕೂಸಿನ ಹಾಗೆ ಶಾಂತವಾಗಿತ್ತು. ಕ್ಲೆಮ್ ಸರಿ ಎಂಬಂತೆ ತಲೆ ಆಡಿಸಿ, ತಾರೀಖು ಹಾಕಿ, ತನ್ನ ಎರಡಕ್ಷರ ಬರೆದ. ಪರ್ಸಿಯೂ ತಲೆ ಆಡಿಸಿದ. ಮಾಮೂಲಿನಂತೆ ಎಲ್ಲ ಮುಗಿಯಿತು.

ಬುತ್ತಿಯ ಹೊತ್ತಾಯಿತು. ಎಲ್ಲರೂ ಸುರಂಗಗಳಿಂದ ಹಿಂದಕ್ಕೆ ಬಂದು, ಹಲಗೆ ಹಾಕಿದ್ದ ಅಗಲವಾದ ಜಾಗದಲ್ಲಿ ಕೂತರು. ಕ್ಲೆಮ್‌ಗೆ ಎಫಿ ತಣ್ಣನೆಯ ಕುರಿಮಾಂಸದ ಬ್ರೆಡ್ಡು, ಜೊತೆಗೆ ಒಣದ್ರಾಕ್ಷಿಯ ಕೇಕು ಕಟ್ಟಿದ್ದಳು. ಪರ್ಸಿ ಬರೀ ಚಹಾ ಕುಡಿಯಲು ಹೋದರೆ ಅದು ಮರಗಟ್ಟಿದ ತುಟಿಯಿಂದ ಜಾರಿ ಎದೆಯ ಮೇಲೆ ಹರಿಯಿತು.

"ಪರ್ಸಿ, ಸಾಕು ಬಿಡೋ, ಅಂಗಿಗೆ ಹೊಟ್ಟೆ ತುಂಬ್ತು" ಎಂದ ಬ್ಲೂಯಿ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕ್ಲೆಮ್ ಕೂಡ ಅವರ ಮುಖ ನೋಡಿ ನಗುತ್ತ ಚಹಾದ ಲೋಟ ಎತ್ತಿದ.

ಲೋಟದೊಳಗೆ ಚಹಾ ನಡುಗಿತು. ತಲೆಯೆತ್ತಿ ನೋಡಿದರೆ ಎಲ್ಲರ ತಲೆಗಳೂ ಒಂದೇ ಸಲಕ್ಕೆ ಎಡಕ್ಕೆ ತಿರುಗಿದ್ದವು, ಯಾರ ಮುಖದಲ್ಲೂ ನಗುವಿರಲಿಲ್ಲ. ಕೂತ ಹಲಗೆ ಅಲುಗಿತು. ಆಮೇಲೆ ದೂಳಿನ ಗಾಳಿ ಬಂದು ಮುಖಕ್ಕೆ ಬಡಿಯಿತು.

ಬ್ಲೂಯಿ ಗಟ್ಟಿಯಾಗಿ ಒಬ್ಬೊಬ್ಬರ ಹೆಸರು ಕೂಗಿದ. ಎಲ್ಲರೂ ಓಗೊಟ್ಟರು, ಪರ್ಸಿ ಕೂಡ 'ಊಂ' ಎಂದ. ಒಬ್ಬರಿಗೂ ಗೀರು ಕೂಡ ಆಗಿರಲಿಲ್ಲ. ದೂಳು ಇಳಿದ ಮೇಲೆ ಕ್ಲೆಮ್ ದೀಪ ಹಿಡಿದು ಎಡಗಡೆಯ ಕೊನೆಯ ಸುರಂಗಕ್ಕೆ ಹೋದ. ಅಡುಗೆಮನೆಯಷ್ಟು ಅಗಲದ ಕಲ್ಲು ಕಳಚಿ ಬಿದ್ದಿತ್ತು. ಅದರಡಿಯಿಂದ ಬ್ಲೂಯಿಯ ಸಲಿಕೆಯ ಹಿಡಿ ಮಾತ್ರ ಕಾಣುತ್ತಿತ್ತು. ಪಕ್ಕದ ಕಲ್ಲಿದ್ದಲಿನ ಗೋಡೆಯ ಮೇಲೆ ಕ್ಲೆಮ್‌ನ ಎರಡಕ್ಷರ ಒಂದಿಷ್ಟೂ ಅಳಿಸದೆ ಬೆಳ್ಳಗೆ ಹೊಳೆಯುತ್ತಿತ್ತು. ಬುತ್ತಿಯ ಹೊತ್ತು ಸ್ವಲ್ಪ ತಡವಾಗಿದ್ದರೆ ಮೂವರು ಆ ಕಲ್ಲಿನಡಿ ಇರುತ್ತಿದ್ದರು. ಕ್ಲೆಮ್ ಅಲ್ಲೇ ಕುಸಿದು ಕೂತ.

ಹಿಂದೆ ಬಂದು ನಿಂತ ಪರ್ಸಿಯನ್ನು ಕಂಡು ಅವನ ದುಃಖವೆಲ್ಲ ಸಿಟ್ಟಾಯಿತು. "ಮೂತಿ ಯಾಕೋ ಸೊಟ್ಟ ಮಾಡ್ಲಿಲ್ಲ ನೀನು?"

ಪರ್ಸಿ ಬಾಯಿಂದ ಹತ್ತಿ ಕಿತ್ತೆಸೆದ. "ಮಾಡ್ದೆ! ಎಷ್ಟು ಜೋರಾಗಿ ಮಾಡ್ದೆ ಗೊತ್ತಾ! ಗಲ್ಲ ಕಿತ್ತು ಬರೋ ಹಂಗೆ ಮಾಡ್ದೆ!"

"ಎಲ್ಲಿ ಮಾಡ್ದೆ? ಬುದ್ಧನ ಹಂಗೆ ನಿಂತಿದ್ದೆ!"

ಪರ್ಸಿ ಬೆರಳಿಂದ ತನ್ನ ತುಟಿ ಮುಟ್ಟಿ ನೋಡಿಕೊಂಡ, ಇನ್ನೊಂದು ಸಲ ಒತ್ತಿ ನೋಡಿಕೊಂಡ. ಬೆರಳು ತಾಗಿದ್ದೇ ತುಟಿಗೆ ಗೊತ್ತಾಗಲಿಲ್ಲ. ದಂತವೈದ್ಯ ಚುಚ್ಚಿದ ಸೂಜಿಯ ಜೋಮು ಇನ್ನೂ ಇಳಿದಿರಲಿಲ್ಲ. "ಅಯ್ಯೋ ದೇವ್ರೇ" ಎಂದ. "ನೀನು ತಲೆ ಆಡಿಸ್ದೆ. ಈಗ ಬರೆದಿಟ್ರೂ, ಅವ್ರು ಒಳಗೆ ಬರೋ ಮೊದ್ಲು ಕಂಬ ಹಾಕಿಸ್ತಾನೆ ಅಂದ್ಕೊಂಡೆ ಕ್ಲೆಮ್."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ತಾವೇನು ಮಾತಾಡಿದೆವು ಎಂಬುದು ನಿಧಾನವಾಗಿ ಇಬ್ಬರಿಗೂ ಅರ್ಥವಾಯಿತು.

"ನಿಂಗೆ ಗೊತ್ತಿತ್ತಾ?" ಎಂದ ಕ್ಲೆಮ್.

"ನಾನು ಮೂತಿ ಮಾಡ್ತಿದ್ದಿದ್ದು ನಿಂಗೆ ಗೊತ್ತಿತ್ತಾ?" ಎಂದ ಪರ್ಸಿ.

"ನಿನ್ನ ಅತ್ತೆ?"

"ಅವಳು ದೇಶದ ಆ ತುದೀಲಿ, ಪರ್ತ್‌ನಲ್ಲಿ ಇರೋದು. ನಮ್ಮ ಮದುವೆಗೂ ಬಂದಿರ್ಲಿಲ್ಲ."

ಬಿದ್ದ ಕಲ್ಲಿನ ಮುಂದೆ ನಿಂತು ನಗುವುದು ಸಲ್ಲದು. ಆದರೂ ಕ್ಲೆಮ್‌ಗೆ ನಗು ಉಕ್ಕಿತು, ಅದರ ಬೆನ್ನಿಗೇ ಅಳುವೂ ಬಂತು. ಪರ್ಸಿ ಅವನ ತೋಳು ಹಿಡಿದ. "ಯಾರಿಗೂ ತಿಳಿಯೋದು ಬೇಡ. ನಾಳೆಯಿಂದ ಮೂತಿ ಬೇಡ, ತೋಳು ಹಿಂಡ್ತೀನಿ. ತೋಳಿಗೆ ಹಲ್ಲುನೋವು ಬರಲ್ಲ."

ಒಳ್ಳೆಯ ಉಪಾಯವೇ. ಆಸೆಯೂ ಆಯಿತು. ಕ್ಲೆಮ್ ಎದ್ದು, ತನ್ನ ಎರಡಕ್ಷರವನ್ನು ಅಂಗೈಯಿಂದ ಒರೆಸಿ ಹಾಕಿದ.

ಸೂರು ಬಿದ್ದ ದಿನ ಪಾಳಿಯನ್ನು ಅಲ್ಲಿಗೇ ನಿಲ್ಲಿಸಿ ಎಲ್ಲರೂ ಮೇಲೆ ಬರುವುದು ನಮ್ಮಲ್ಲಿ ಪದ್ಧತಿ. ಕ್ಲೆಮ್ ಮನೆಗೆ ಬಂದಾಗ ಬಿಸಿಲು ಇನ್ನೂ ಇತ್ತು. ಎಫಿ ಹಿತ್ತಲಲ್ಲಿ ಟೊಮೆಟೊ ಗಿಡಗಳಿಗೆ ನೀರು ಹಾಕುತ್ತಿದ್ದಳು. ಅವಳ ಪಕ್ಕ ನಿಂತು, ಟೊಮೆಟೊಗಳನ್ನು ನೋಡುತ್ತಲೇ ಎಲ್ಲ ಹೇಳಿದ. ಕಿವಿಯ ವಿಷಯವನ್ನೂ ಹೇಳಿದ.

"ನಿಮ್ಮ ಕಿವಿ ವಿಷ್ಯ ನನಗೇ ಹೇಳ್ತೀರಾ?" ಎಂದು ಗಟ್ಟಿಯಾಗಿ ಕೇಳಿದಳು ಎಫಿ. "ನಿಮ್ಮನ್ನ ಊಟಕ್ಕೆ ಕರೆದೂ ಕರೆದೂ ನನ್ನ ಗಂಟಲು ಹೇಗೆ ತೆರೆದಿದೆ ಅಂದ್ರೆ, ಈ ಸಲ ಚರ್ಚಿನ ಹಾಡಿನ ತಂಡದಲ್ಲಿ ಒಬ್ಬಳೇ ಹಾಡೋ ಪದ ನಂಗೇ ಕೊಟ್ಟಿದಾರೆ."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ನೀವಾಗೇ ಹೇಳ್ಲಿ ಅಂತ ಕಾಯ್ತಿದ್ದೆ." ಎಫಿ ನೀರಿನ ಡಬ್ಬ ಕೆಳಗಿಟ್ಟಳು. ಅವಳ ಕಣ್ಣು ತುಂಬಿತ್ತು. "ಕಾಯ್ಬಾರ್ದಿತ್ತು. ಬ್ಲೂಯಿ ಹೆಂಡ್ತಿ ಮೇರಿ ಇವತ್ತು ಬೆಳಿಗ್ಗೆ ಈ ಬೇಲಿ ಹತ್ರಾನೇ ನಿಂತು ಮಾತಾಡಿ ಹೋದ್ಳು."

ಮಾರನೆಯ ದಿನ ಮಧ್ಯಾಹ್ನ, ಇಳಿಯುವ ಮೊದಲು, ಗಣಿಯ ಬಾಯಿಯ ಪಕ್ಕದ ಮರದಡಿ ಸಭೆ ಸೇರಿತು. ಸೂರು ಬಿದ್ದ ಮೇಲೆ ಸಭೆ ಸೇರಲೇಬೇಕು. ಎಲ್ಲರೂ ನೆಲದ ಮೇಲೆ ಕೂತಿದ್ದರು. ಮ್ಯಾನೇಜರ್ ರಟ್ಲೆಜ್ ಒಂದು ಪಕ್ಕಕ್ಕೆ ನಿಂತಿದ್ದ. ಬ್ಲೂಯಿ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕ್ಲೆಮ್ ಎದ್ದು ನಿಂತ. ತನ್ನ ಕೋಲನ್ನು ಎಲ್ಲರ ನಡುವೆ ನೆಲದ ಮೇಲೆ ಇಟ್ಟ.

"ನಂಗೆ ಕಿವಿ ಕೇಳಲ್ಲ" ಎಂದ. "ಸೂರು ತಟ್ಟಿದ್ರೆ ಗಟ್ಟಿಯೋ ಟೊಳ್ಳೋ ಗೊತ್ತಾಗಲ್ಲ. ಕಂಬ ಮುರಿಯೋ ಮೊದಲು ಚಟಚಟ ಅನ್ನುತ್ತಲ್ಲ, ಅದೂ ಕೇಳಲ್ಲ. ನಿನ್ನೆ ಬ್ಲೂಯಿ ಜಾಗದಲ್ಲಿ ನಾನು ಬರೆದಿದ್ದು ಸುಳ್ಳು. ಇನ್ಮೇಲೆ ನಾನು ಬರೆಯಲ್ಲ."

ಬೈಗುಳಕ್ಕೆ ತಲೆ ತಗ್ಗಿಸಿ ನಿಂತ. ಯಾರೂ ಬೈಯಲಿಲ್ಲ. ಬ್ಲೂಯಿ ಮೂಗು ಕೆರೆದುಕೊಂಡು, ಕ್ಲೆಮ್‌ಗೆ ಕೇಳುವಂತೆ ಕೂಗಿದ. "ನಮಗೆ ಗೊತ್ತಿತ್ತು ಕಣೋ ಕ್ಲೆಮ್."

"ಯಾರಿಗೆ?"

ಒಬ್ಬ ಕೈ ಎತ್ತಿದ. ಆಮೇಲೆ ಪಕ್ಕದವನು. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಕೈಗಳೂ ಮೇಲಿದ್ದವು. ಸ್ನಾನದ ಮನೆ ತೊಳೆಯುವವನದೂ ಇತ್ತು, ವಾಲಿ ಸ್ಪ್ರಾಗ್‌ನದೂ ಇತ್ತು.

ಕ್ಲೆಮ್‌ಗೆ ಕೃತಜ್ಞತೆ ಹುಟ್ಟಬೇಕಿತ್ತು. ಹುಟ್ಟಿದ್ದು ಸಿಟ್ಟು. "ಗೊತ್ತಿದ್ದೂ ನನ್ನ ಕೈಯಲ್ಲಿ ಸೀಮೆಸುಣ್ಣ ಬಿಟ್ಟಿದ್ರಾ? ಯಾಕೆ ಹೇಳ್ಲಿಲ್ಲ?"

"ಜೊತೆಗಾರನ ಮೇಲೆ ಚಾಡಿ ಹೇಳೋದಾ?" ಎಂದ ಬ್ಲೂಯಿ. ಅದಕ್ಕಿಂತ ದೊಡ್ಡ ಪಾಪವಿಲ್ಲ ಎಂಬ ಧಾಟಿ. ನಮ್ಮೂರಲ್ಲಿ ನಿಜವಾಗಿಯೂ ಇಲ್ಲ; ಕಳ್ಳನ ಜೊತೆ ಕೂತು ಬಿಯರು ಕುಡಿಯುತ್ತೇವೆ, ಚಾಡಿಕೋರನಿಗೆ ಹಿತ್ತಲ ನೀರೂ ಕೊಡುವುದಿಲ್ಲ.

"ಸರಿ, ನಂಗೆ ಕೇಳಲ್ಲ ಅಂತ ಗೊತ್ತಿತ್ತು. ನನ್ನ ಹಿಂದೆ ನೀವು ಯಾರಾದ್ರೂ ಇನ್ನೊಂದ್ಸಲ ತಟ್ಟಿ ನೋಡಿದ್ರಾ? ಬ್ಲೂಯಿ, ನೀನು ತಟ್ಟಿದ್ಯಾ?"

ಬ್ಲೂಯಿ ನೆಲ ನೋಡಿದ. "ಪರ್ಸಿ ಇದಾನಲ್ಲ ಅಂದ್ಕೊಂಡೆ."

"ನೀನು, ವಾಲಿ?"

"ಪರ್ಸಿ ಇದಾನಲ್ಲ ಅಂತ."

ಪ್ರತಿಯೊಬ್ಬನದೂ ಅದೇ ಉತ್ತರ. ಇಡೀ ಗಣಿಯ ಭಾರವನ್ನು ಎಲ್ಲರೂ ಸೇರಿ ಪರ್ಸಿಯ ತುಟಿಯ ಮೇಲೆ ಹೊರಿಸಿ, ನೆಮ್ಮದಿಯಾಗಿ ಚಹಾ ಕುಡಿಯುತ್ತ ಕೂತಿದ್ದರು. ಪರ್ಸಿ ಬೆವರು ಒರೆಸಿಕೊಂಡ.

"ನನ್ನ ಮೇಲಿನ ಪ್ರೀತಿಗೆ ನಿಮ್ಮ ಹೆಂಡ್ರು ವಿಧವೆಯರಾಗಿ ಕರಿಬಟ್ಟೆ ಹಾಕ್ಬೇಕಿತ್ತಲ್ಲೋ!" ಎಂದು ಕ್ಲೆಮ್ ಕೂಗಿದ. "ನಾನು ಹೇಡಿ, ಮುಚ್ಚಿಟ್ಟೆ. ನೀವು ನನಗಿಂತ ದೊಡ್ಡ ಹೇಡಿಗಳು. ನನ್ನ ಮುಖ ಬಾಡುತ್ತೆ ಅಂತ ಹೆದರ್ಕೊಂಡು ನಿಮ್ಮ ತಲೆ ಕೊಟ್ರಿ."

ಕೊನೆಗೆ ರಟ್ಲೆಜ್ ಮುಂದೆ ಬಂದ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಕೆಳಗಿದ್ದ ಕೋಲನ್ನು ಎತ್ತಿ, ಪಕ್ಕದ ಕೊಠಡಿಯ ಕೈಗೆಟುಕುವ ಸೂರಿನಂಚಿಗೆ ಎಡಗೈಯ ಬೆರಳುಗಳನ್ನು ಒತ್ತಿ ಹಿಡಿದು, ಬಲಗೈಯಿಂದ ಹತ್ತಿರದಲ್ಲೇ ತಟ್ಟಿದ. "ಹೀಗೆ ಮಾಡಿ ನೋಡಿ, ಪೆಂಗೆಲಿ. ಸಡಿಲ ಇದ್ದರೆ ಬೆರಳಿಗೆ ಅದುರು ಗೊತ್ತಾಗುತ್ತೆ. ಎರಡು ವರ್ಷದ ಹಿಂದೆ ಬಂದಿದ್ದರೆ ಅವತ್ತೇ ಹೇಳಿಕೊಡ್ತಿದ್ದೆ."

ಕ್ಲೆಮ್ ಬೆರಳಿಟ್ಟು ತಟ್ಟಿ ನೋಡಿದ. ಅದುರು ಬೆರಳಿಗೆ ಸ್ಪಷ್ಟವಾಗಿ ಬಂತು. ಯಾರನ್ನು ಕಂಡು ಹೆದರಿ ಅಡಗಿದ್ದನೋ ಅವನ ಕೈಯಲ್ಲೇ ಔಷಧಿ ಇತ್ತು. ಕ್ಲೆಮ್‌ಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

"ಆದರೂ ಕಂಬದ ಚಟಚಟ ಬೆರಳಿಗೆ ಕೇಳಲ್ಲ" ಎಂದ ರಟ್ಲೆಜ್. "ಕೋಲು ನಿಮಗೆ ವಾಪಸ್ ಕೊಡೋಕಾಗಲ್ಲ."

"ಕೊಟ್ರೂ ನಾನು ತಗೊಳ್ಳಲ್ಲ ಸಾರ್."

ಹೀಗೆ ಕ್ಲೆಮ್ ದೀಪದ ಕೋಣೆಗೆ ಬಂದ. ಕೆಳಗೆ ಇಳಿಯುವ ಪ್ರತಿಯೊಬ್ಬನೂ ಅದರ ಕಿಟಕಿಯ ಮುಂದೆ ಸಾಲು ನಿಂತು ತನ್ನ ದೀಪ ಪಡೆಯಬೇಕು. ಹಿಂದಿನವನು ಸುಮ್ಮನೆ ದೀಪ ದೂಡುತ್ತಿದ್ದ. ಕ್ಲೆಮ್ ಹಾಗೆ ಮಾಡಲಿಲ್ಲ. ದೀಪವನ್ನು ಎದೆಗೆ ಅವುಚಿಕೊಂಡು, "ಇವತ್ತು ನಿಂಗೇನು ತೊಂದ್ರೆ?" ಎಂದು ಒಬ್ಬೊಬ್ಬನನ್ನೂ ಕೇಳತೊಡಗಿದ. ಉತ್ತರ ಹೇಳದೆ ದೀಪವಿಲ್ಲ. ಕ್ಲೆಮ್‌ಗೆ ಕೇಳುವಂತೆ ಹೇಳಬೇಕಾದರೆ ಅರಚಬೇಕು. ಅರಚಿದರೆ ಹಿಂದಿನ ಸಾಲಿಗೆಲ್ಲ ಕೇಳುತ್ತದೆ.

ಮೊದಲ ವಾರ ಎಲ್ಲರಿಗೂ ಸಂಕಟ. "ಏನಿಲ್ಲ" ಎಂದವರನ್ನು ಕ್ಲೆಮ್ ಪಕ್ಕಕ್ಕೆ ನಿಲ್ಲಿಸಿ ಮುಂದಿನವನನ್ನು ಕರೆಯುತ್ತಿದ್ದ. ಆಮೇಲೆ ನಾಲಿಗೆಗಳು ಸಡಿಲಾದವು. "ನಿದ್ದೆ ಆಗಿಲ್ಲ, ಮಗು ರಾತ್ರಿಯೆಲ್ಲ ಅತ್ತಿತು!" "ತಲೆ ಸಿಡೀತಿದೆ, ನಿನ್ನೆ ಮೈದುನನ ಮದುವೆ!" "ಹೆಂಡ್ತಿ ಮಾತು ಬಿಟ್ಟಿದಾಳೆ!" ವಾಲಿ ಸ್ಪ್ರಾಗ್ ಬಹಳ ಹೊತ್ತು ಒದ್ದಾಡಿ, "ಮೂಲವ್ಯಾಧಿ!" ಎಂದು ಕೂಗಿದಾಗ ಸಾಲಿನ ಕೊನೆಯವರೆಗೂ ಚಪ್ಪಾಳೆ ಬಿತ್ತು. ಅವತ್ತು ಅವನಿಗೆ ನಿಂತು ಮಾಡುವ ಕೆಲಸ ಕೊಟ್ಟರು. ನಿದ್ದೆಗೆಟ್ಟವನ ಪಕ್ಕ ನಿದ್ದೆ ಮಾಡಿದವನು ನಿಂತ. ತಲೆ ಸಿಡಿಯುವವನಿಗೆ ಬಂಡೆ ಸಿಡಿಸುವ ಮದ್ದು ಮುಟ್ಟಲು ಬಿಡಲಿಲ್ಲ. ಯಾರಿಗೆ ಏನು ಕಡಿಮೆಯಿದೆ ಎಂಬುದು ಇಳಿಯುವ ಮೊದಲೇ ಎಲ್ಲರಿಗೂ ಗೊತ್ತಿರುತ್ತಿತ್ತು. ಮೇಲೆ ಇದ್ದುಕೊಂಡೇ ಕ್ಲೆಮ್ ಕೆಳಗಿನ ಅನಾಹುತಗಳನ್ನು ಮೂಸಿ ಹಿಡಿಯುತ್ತಿದ್ದ, ಅದೂ ನಗಿಸುತ್ತ.

ಡೆಪ್ಯುಟಿಯ ಜಾಗ ಮಾತ್ರ ಖಾಲಿಯಿತ್ತು. ಪಕ್ಕದ ಪಾಳಿಯವನು ಹೇಗೋ ಎರಡೂ ಕಡೆ ನಿಭಾಯಿಸುತ್ತಿದ್ದ. ವಾಲಿಯನ್ನು ಕೇಳಿದಾಗ, ಎಲ್ಲರಿಗೂ ಆಶ್ಚರ್ಯವಾಗುವಂತೆ, "ನಂಗೆ ಶಿಳ್ಳೆ ಬಿಡಕ್ಕಾಗಲ್ಲ, ಬೇಡ" ಎಂದುಬಿಟ್ಟ. ಕಿಟಕಿಯ ಮುಂದೆ ಅರಚಿ ಅರಚಿ ಅವನಿಗೂ ನಿಜ ಹೇಳುವ ಚಟ ಹತ್ತಿತ್ತು. ಉಳಿದವನು ಪರ್ಸಿ. ಡೆಪ್ಯುಟಿ ಪರೀಕ್ಷೆಯನ್ನು ಅವನು ಯಾವಾಗಲೋ ಪಾಸು ಮಾಡಿದ್ದ, ಕೆಲಸ ಮಾತ್ರ ಕೇಳಿರಲಿಲ್ಲ. ರಟ್ಲೆಜ್ ಕರೆದು ಹೇಳಿದ, ಬ್ಲೂಯಿ ಹೇಳಿದ, ಪರ್ಸಿಯ ಹೆಂಡತಿಯೂ ಹೇಳಿದಳು. ಕ್ಲೆಮ್ ಒಂದು ಮಾತೂ ಹೇಳಲಿಲ್ಲ. ಕೊನೆಗೆ ಪರ್ಸಿ ಒಪ್ಪಿದ.

ಅವನು ಮೊದಲ ಸಲ ಡೆಪ್ಯುಟಿಯಾಗಿ ಇಳಿಯುವ ದಿನ, ಕಾಲೆಳೆಯುವ ಆಸೆಯಿಂದ ಇಡೀ ಪಾಳಿ ಹೊತ್ತಿಗೆ ಮುಂಚೆಯೇ ಬಂದು ಸಾಲು ನಿಂತಿತ್ತು. ಪರ್ಸಿ ಹೊಸ ಕಟ್ಟುಹಲ್ಲು ಹಾಕಿಕೊಂಡು, ಕೂದಲು ಬಾಚಿಕೊಂಡು ಕಿಟಕಿಗೆ ಬಂದ.

"ಇವತ್ತು ನಿಂಗೇನು ತೊಂದ್ರೆ?" ಎಂದ ಕ್ಲೆಮ್.

"ಏನಿಲ್ಲ."

ಕ್ಲೆಮ್ ದೀಪ ಕೊಡಲಿಲ್ಲ.

"ಏನಿಲ್ಲ ಅಂದೆನಲ್ಲ! ಕೊಡೋ, ಹೊತ್ತಾಯ್ತು."

ಕ್ಲೆಮ್ ಕದಲಲಿಲ್ಲ. ಪರ್ಸಿ ಕಿಟಕಿಯೊಳಗೆ ಬಗ್ಗಿದ. "ಕಿವೀಲಿ ಹೇಳ್ತೀನಿ, ಬಾ."

"ನನ್ನ ಕಿವೀಲಿ ಹೇಳಿ ಏನು ಬಂತೋ ಭಾಗ್ಯ? ಜೋರಾಗಿ ಹೇಳು."

ಸಾಲು ಗೊಳ್ಳೆಂದಿತು. ಪರ್ಸಿ ಹಿಂದೆ ತಿರುಗಿ ನೋಡಿದ, ಮುಂದೆ ನೋಡಿದ. ಹೊಸ ಹಲ್ಲಿನ ಮೇಲೆ ಅವನ ತುಟಿ ಸೊಟ್ಟಗಾಯಿತು.

"ಹೆದರಿಕೆ ಆಗ್ತಿದೆ ಕಣೋ!" ಎಂದು ಅರಚಿದ. "ನಮ್ಮ ಟೆಡ್ ಸತ್ತ ಗಣಿ ಇದು. ಇವತ್ತು ಆ ಗೋಡೆ ಮೇಲೆ ನನ್ನ ಹೆಸರು ಬರೀಬೇಕು, ಅದನ್ನ ನೋಡಿ ಇವ್ರೆಲ್ಲ ಒಳಗೆ ಹೋಗ್ತಾರೆ. ರಾತ್ರಿಯಿಂದ ಅನ್ನ ಇಳೀತಿಲ್ಲ. ಸಾಕಾ? ಕೇಳಿಸ್ತಾ?"

ಯಾರೂ ನಗಲಿಲ್ಲ. ಕ್ಲೆಮ್ ದೀಪವನ್ನು ಎದೆಯಿಂದ ತೆಗೆದು, ಗಾಜನ್ನು ತನ್ನ ಅಂಗಿಯಿಂದ ಒರೆಸಿ, ಎರಡೂ ಕೈಯಿಂದ ಪರ್ಸಿಗೆ ಕೊಟ್ಟ. "ಕೇಳಿಸ್ತು. ನಂಗೂ ದಿನಾ ಆಗ್ತಿತ್ತು. ಆ ಹೆದರಿಕೆ ನಿಂತುಹೋದ ದಿನ ಬಂದು ದೀಪ ವಾಪಸ್ ಕೊಡು."

ಪರ್ಸಿ ತಲೆ ಆಡಿಸಿ, ಕೋಲು ಎತ್ತಿಕೊಂಡು ಇಳಿದು ಹೋದ. ಅವನ ಹಿಂದೆ ಬ್ಲೂಯಿ ಮಕಾಲಿ ನಿಂತಿದ್ದ.

"ನಿಂಗೇನು ತೊಂದ್ರೆ?" ಎಂದ ಕ್ಲೆಮ್.

"ಬೆಳಿಗ್ಗೆಯಿಂದ ಎದೆ ಡವಡವ ಅಂತಿತ್ತು" ಎಂದು ಬ್ಲೂಯಿ ಕಿಟಕಿಗೆ ಬಾಯಿ ಹಚ್ಚಿ ಕೂಗಿದ. "ಅವನು ಹೆದರಿದಾನೆ ಅಂತ ಕೇಳಿದ ಮೇಲೆ ನಿಂತುಹೋಯ್ತು. ದೀಪ ಕೊಡು."

ಕ್ಲೆಮ್ ಕೊಟ್ಟ.